ಸ್ವಲ್ಪ ಇರಿ, ಬರ್ತಿದೆ

ಮೊನ್ನೆ ಬೆಳಿಗ್ಗೆ ಮಗ ಸ್ಕೂಲಿಗೆ ಹೊರಟು ನಿಂತಿದ್ದ, ಕೂದಲೆಲ್ಲ ಕೆದರಿತ್ತು, "ಹೋಗಿ ಅದನ್ನ ತಗೊಂಡ್ಬಾ" ಅಂದೆ. ಯಾವುದನ್ನ ಅಂದ. ಅಷ್ಟೇ, ನಿಂತೋಯ್ತು. ಅದು ನನಗೆ ಕಾಣ್ತಿದೆ, ನೀಲಿ ಬಣ್ಣ, ಒಂದು ತುದೀಲಿ ಎರಡು ಹಲ್ಲು ಮುರಿದಿದೆ, ಕನ್ನಡಿ ಹತ್ರ ಇಟ್ಟಿರ್ತೀವಿ, ಕೈಯಲ್ಲಿ ಹಿಡ್ಕೊಂಡ್ರೆ ಹೇಗಿರತ್ತೆ ಅನ್ನೋದೂ ಗೊತ್ತು. ಹೆಸರು ಮಾತ್ರ ಇಲ್ಲ. ಬಾಯಿ ತೆಗೆದ್ರೆ "ಬಾಗಿಲು" ಅಂತ ಬಂತು. ಬಾಗಿಲಲ್ಲ ಅನ್ನೋದು ಹೇಳ್ತಿರುವಾಗ್ಲೇ ಗೊತ್ತಾಯ್ತು, ಮತ್ತೆ ಪ್ರಯತ್ನ ಮಾಡಿದೆ, ಮತ್ತೆ ಬಾಗಿಲೇ. ಹನ್ನೊಂದು ವರ್ಷದ ಹುಡುಗ, ಬ್ಯಾಗ್ ಹೆಗಲಿಗೇರಿಸ್ಕೊಂಡು ಹಾಗೇ ನಿಂತ್ಕೊಂಡ. ಅವನಿಗೆ ಗೊತ್ತು ನಾನು ಏನು ಕೇಳ್ತಿದೀನಿ ಅಂತ, ಆದ್ರೂ ಹೇಳಿಕೊಡಲಿಲ್ಲ. ಕೊನೆಗೆ "ಬಾಚಣಿಗೆ" ಅಂದೆ. "ಹ್ಞೂಂ" ಅಂತ ಓಡಿಹೋಗಿ ತಂದ.

ಅವನು ಹಾಗೆ ಸುಮ್ನೆ ನಿಂತನಲ್ಲ, ಅದರ ಬಗ್ಗೇನೇ ಬರೀಬೇಕು ಅಂತ ತುಂಬಾ ದಿನದಿಂದ ಅನ್ಕೊಂಡಿದ್ದೆ. ಈ ಪೋಸ್ಟ್ ಬರೆಯೋಕೆ ನನಗೆ ಆರು ದಿನ ಹಿಡೀತು, ದಿನಕ್ಕೆ ಅರ್ಧ ಗಂಟೆ, ಮುಕ್ಕಾಲು ಗಂಟೆ. ಬರೆಯೋದು ಮಾತಾಡೋದಕ್ಕಿಂತ ಸುಲಭ, ಯಾಕಂದ್ರೆ ಪದ ಬರೋವರೆಗೂ ಹಾಳೆ ನನ್ನ ಮುಖ ನೋಡ್ತಾ ಕೂತ್ಕೊಳಲ್ಲ.

ಎರಡು ವರ್ಷದ ಹಿಂದೆ ಮೆಟ್ಟಿಲ ಮೇಲೆ ಜಾರಿ ಬಿದ್ದೆ. ಒದ್ದೆ ಇತ್ತು, ಕೈಯಲ್ಲಿ ಒಗೆದ ಬಟ್ಟೆ ಬಕೆಟ್ ಇತ್ತು, ಹಿಂದಕ್ಕೆ ಬಿದ್ದು ತಲೆ ಹಿಂಭಾಗ ಮೆಟ್ಟಿಲ ಅಂಚಿಗೆ ಬಡೀತಂತೆ. ಅಂತೆ ಅಂತಾನೇ ಹೇಳ್ಬೇಕು, ಯಾಕಂದ್ರೆ ಆ ದಿನಾನೂ ಅದಾದ ಮೇಲಿನ ಒಂಬತ್ತು ದಿನಾನೂ ನನ್ನ ನೆನಪಲ್ಲಿ ಇಲ್ವೇ ಇಲ್ಲ, ಎಲ್ಲಾ ಮನೆಯವರ ಬಾಯಿಂದ ಕೇಳಿದ್ದು. ಆಸ್ಪತ್ರೆ ಫೈಲಲ್ಲಿ ಒಂದು ಅಂಕ ಇದೆ, ಗ್ಲಾಸ್ಗೋ ಕೋಮಾ ಸ್ಕೇಲ್ 12 ಅಂತ. 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ಅನ್ನೋ ಇಬ್ಬರು ಡಾಕ್ಟರುಗಳು ಪ್ರಜ್ಞೆ ಎಷ್ಟಿದೆ ಅಂತ ಅಳೆಯೋಕೆ ಮಾಡಿದ ಲೆಕ್ಕ ಅದು, ಕಣ್ಣು ತೆರೆಯೋದಕ್ಕೆ 4, ಮಾತಿಗೆ 5, ಕೈಕಾಲು ಅಲ್ಲಾಡಿಸೋದಕ್ಕೆ 6, ಒಟ್ಟು 15ಕ್ಕೆ. ಪ್ರಜ್ಞೆ ಒಂಚೂರೂ ಇಲ್ಲದಿದ್ರೂ 3 ಬರತ್ತೆ. 13 ಅಥವಾ ಅದಕ್ಕಿಂತ ಮೇಲಿದ್ರೆ ಸಣ್ಣ ಪೆಟ್ಟು, 9ರಿಂದ 12 ಮಧ್ಯಮ, 8 ಮತ್ತು ಅದಕ್ಕಿಂತ ಕಮ್ಮಿ ತೀವ್ರ. ನನಗೆ ಕಣ್ಣಿಗೆ 3, ಮಾತಿಗೆ 4, ಕೈಕಾಲಿಗೆ 5. ಮಾತಿಗೆ 4 ಅಂದ್ರೆ ಮಾತಾಡ್ತಿದಾರೆ, ಆದ್ರೆ ಗೊಂದಲದಲ್ಲಿ ಮಾತಾಡ್ತಿದಾರೆ ಅಂತ ಅರ್ಥ. ಮನೆಗೆ ಬಂದು ತಿಂಗಳುಗಳಾದ್ಮೇಲೆ ಆ ಫೈಲ್ ಓದಿದಾಗ ಆ ನಾಲ್ಕರ ಮೇಲೇ ಕಣ್ಣು ನಿಂತ್ಬಿಡ್ತು. ಕಳೆದುಹೋದ ಆ ಒಂದು ಅಂಕ ಇನ್ನೂ ಪೂರ್ತಿ ವಾಪಸ್ ಬಂದಿಲ್ಲ ಅನ್ನಿಸ್ತು.

ಪೆಟ್ಟು ಬಿದ್ದಿದ್ದು ಹಿಂದೆ, ಜಖಂ ಆಗಿದ್ದು ಮುಂದೆ. ಇದು ನನಗೆ ಮೊದಲು ಅರ್ಥಾನೇ ಆಗ್ಲಿಲ್ಲ. ಡಾಕ್ಟರ್ ಬಿಡಿಸಿ ಹೇಳಿದ್ರು, ಮಿದುಳು ಬುರುಡೆಗೆ ಅಂಟ್ಕೊಂಡಿರಲ್ಲ, ನೀರಲ್ಲಿ ತೇಲ್ತಿರೋ ಹಾಗೆ ಇರತ್ತೆ, ಹಿಂದಕ್ಕೆ ಬಿದ್ದಾಗ ಅದು ಒಳಗಡೆ ಓಲಾಡಿ ಮುಂಭಾಗ ಮತ್ತೆ ಕಿವಿ ಮೇಲಿನ ಭಾಗ ಬುರುಡೆಗೆ ತಗಲತ್ತೆ, ಅಲ್ಲಿ ಬುರುಡೆ ಒಳಮೈ ನುಣುಪಾಗಿರಲ್ಲ, ಮೂಳೆಯ ಏಣುಗಳಿರತ್ತೆ, ಅದಕ್ಕೆ ಉಜ್ಜಿ ಗಾಯ ಆಗತ್ತೆ ಅಂತ. ಜೊತೆಗೆ ನರದ ಎಳೆಗಳು ಜಗ್ಗಿ ಕೆಲವು ಹರಿದೂ ಹೋಗಿರತ್ತೆ, ಅದು ಎಷ್ಟೋ ಸಲ ಸ್ಕ್ಯಾನಲ್ಲಿ ಕಾಣಲ್ಲ. ಈ ಕೊನೇ ಮಾತನ್ನ ನಾನು ಎಲ್ಲರಿಗೂ ಒತ್ತಿ ಹೇಳ್ತೀನಿ, ಯಾಕಂದ್ರೆ "ಸ್ಕ್ಯಾನ್ ನಾರ್ಮಲ್ ಬಂತಲ್ಲ, ಮತ್ತೇನು" ಅಂತ ಕೇಳಿಸ್ಕೊಂಡು ಕುಗ್ಗಿ ಹೋಗಿರೋವ್ರು ತುಂಬಾ ಜನ ಇದಾರೆ. ಸ್ಕ್ಯಾನ್ ನಾರ್ಮಲ್ ಇದ್ರೂ ತೊಂದರೆ ಇರಬಹುದು.

ನನ್ನದು ಎಡಗಡೆ. ಬಲಗೈ ಬಳಸೋ ಬಹುಪಾಲು ಜನಕ್ಕೆ ಮಾತು ಇರೋದು ಮಿದುಳಿನ ಎಡಗಡೆ. ಇದನ್ನ ಹುಡುಕಿದ ಕಥೆ ನನ್ನ ಸ್ಪೀಚ್ ಥೆರಪಿಸ್ಟ್ ಮೇಡಂ ಹೇಳಿದ್ದು, ನನ್ನ ಮನಸ್ಸಲ್ಲಿ ಉಳ್ಕೊಂಡ್ಬಿಟ್ಟಿದೆ. 1861ರಲ್ಲಿ ಪಾಲ್ ಬ್ರೋಕಾ ಅನ್ನೋ ಫ್ರೆಂಚ್ ಡಾಕ್ಟರ್ ಹತ್ರ ಒಬ್ಬ ರೋಗಿ ಬಂದ, ಅವನಿಗೆ ವರ್ಷಗಟ್ಟಲೆ ಹೆಚ್ಚುಕಮ್ಮಿ ಒಂದೇ ಶಬ್ದ ಬಾಯಲ್ಲಿ ಬರ್ತಿದ್ದಿದ್ದು, "ಟ್ಯಾನ್" ಅಂತ. ಏನು ಕೇಳಿದ್ರೂ ಟ್ಯಾನ್, ಟ್ಯಾನ್. ಜನ ಅವನನ್ನ ಹಾಗೇ ಕರೀತಿದ್ರು. ಆದ್ರೆ ಬೇರೆಯವ್ರು ಹೇಳಿದ್ದು ಅವನಿಗೆ ಸುಮಾರಾಗಿ ಅರ್ಥ ಆಗ್ತಿತ್ತು. ಅವನು ತೀರ್ಕೊಂಡ ಮೇಲೆ ಬ್ರೋಕಾ ಮಿದುಳು ನೋಡಿದ್ರೆ ಎಡಗಡೆ ಮುಂಭಾಗದಲ್ಲಿ ಹಾಳಾಗಿತ್ತು. ಅವತ್ತಿಂದ ಆ ಜಾಗಕ್ಕೆ ಬ್ರೋಕಾ ಹೆಸರೇ ಇದೆ. ನಾನು ಯೋಚ್ನೆ ಮಾಡೋದು ಆ ಮನುಷ್ಯನ ಬಗ್ಗೆ. ಇಡೀ ದಿನ ಸುತ್ತಲಿನವ್ರು ಆಡೋ ಮಾತೆಲ್ಲ ಒಳಗೆ ಇಳೀತಿದೆ, ಉತ್ತರಾನೂ ಒಳಗೆ ಇದೆ, ಹೊರಗೆ ಬರೋದು ಒಂದೇ ಶಬ್ದ. ನನ್ನದು ಅವನ ಕಷ್ಟದ ನೂರರಲ್ಲಿ ಒಂದು ಪಾಲೂ ಇಲ್ಲ, ಆದ್ರೂ ರಾತ್ರಿ ನಿದ್ದೆ ಬರದೇ ಇದ್ದಾಗ ಅವನು ನೆನಪಾಗ್ತಾನೆ.

ಮಾತಿನ ತೊಂದರೆ ಅಂದ ತಕ್ಷಣ ಜನ ತೊದಲೋದು ಅನ್ಕೊಳ್ತಾರೆ. ನಾನು ತೊದಲಲ್ಲ. ಮಾತು ಸರಾಗವಾಗಿ ಹೋಗ್ತಿರತ್ತೆ, ಒಂದು ಕಡೆ ಬಂದು ಗುಂಡಿಗೆ ಬೀಳತ್ತೆ, ಆ ಗುಂಡಿ ಇರೋದು ಸಾಮಾನ್ಯವಾಗಿ ಹೆಸರಿನ ಜಾಗದಲ್ಲಿ, ವಸ್ತುಗಳ ಹೆಸರು, ಮನುಷ್ಯರ ಹೆಸರು. ಎಲ್ಲರಿಗೂ ಆಗತ್ತೆ ಬಿಡಿ ನಾಲಿಗೆ ತುದೀಲಿದೆ ಬರ್ತಿಲ್ಲ ಅನ್ನೋದು, ಅಂತ ಸಮಾಧಾನ ಮಾಡ್ತಾರೆ, ಒಳ್ಳೇ ಮನಸ್ಸಿಂದಾನೇ ಹೇಳ್ತಾರೆ, ಆದ್ರೆ ನಿಮಗೆ ವಾರಕ್ಕೊಂದು ಸಲ ಆಗೋದು ನನಗೆ ಒಂದು ಫೋನ್ ಕಾಲಲ್ಲಿ ನಾಲ್ಕು ಸಲ ಆಗತ್ತೆ. ಅದೂ ಅಪರೂಪದ ಪದ ಅಲ್ಲ, ಬಾಚಣಿಗೆ, ಚಮಚ, ಸೋಮವಾರ.

ಆದ್ರೆ ನಿಜವಾಗಿ ನನ್ನನ್ನ ಸೋಲಿಸೋದು ಪದ ಅಲ್ಲ, ವೇಗ. ನಾಲ್ಕು ಜನ ಕೂತು ಮಾತಾಡ್ತಿದ್ರೆ ಮೊದಲನೇವ್ರು ಹೇಳಿದ್ದು ಅರ್ಥ ಮಾಡ್ಕೊಳೋ ಹೊತ್ತಿಗೆ ಮೂರನೇವ್ರು ಶುರು ಮಾಡಿರ್ತಾರೆ, ನಾನು ಏನೋ ಹೇಳ್ಬೇಕು ಅಂತ ಪದ ಜೋಡಿಸ್ಕೊಂಡು ಬಾಯಿ ತೆಗೆಯೋ ಹೊತ್ತಿಗೆ ಮಾತು ಬೇರೆ ಎಲ್ಲೋ ಹೋಗಿರತ್ತೆ. ಆಗ ಹೇಳಿದ್ರೆ ಎಲ್ಲರೂ ಒಂದು ಕ್ಷಣ ಸುಮ್ನಾಗಿ ನನ್ನ ಕಡೆ ನೋಡ್ತಾರೆ. ಹೇಳದೇ ಇದ್ರೆ ಇವಳಿಗೆ ಆಸಕ್ತಿ ಇಲ್ಲ ಅನ್ಕೊಳ್ತಾರೆ. ಹಿಂದೆ ಟಿವಿ ಓಡ್ತಿದ್ರಂತೂ ಮುಗೀತು, ಟಿವಿ ಮಾತು ಯಾವುದು ಎದುರಿಗಿರೋವ್ರ ಮಾತು ಯಾವುದು ಅಂತ ಬೇರೆ ಮಾಡೋದೇ ಒಂದು ಕೆಲಸ ಆಗ್ಬಿಡತ್ತೆ. ಮೊದಲೆಲ್ಲ ಆ ಕೆಲಸ ನಡೀತಿದೆ ಅಂತಾನೂ ನನಗೆ ಗೊತ್ತಿರಲಿಲ್ಲ.

ಇನ್ನೊಂದಿದೆ, ಹೇಳೋಕೆ ಕಷ್ಟ. ಮಿದುಳಿನ ಮುಂಭಾಗ ಅಂದ್ರೆ ತಡೆಯೋ ಜಾಗವೂ ಹೌದು, ಏನನ್ನ ಹೇಳ್ಬಾರ್ದು, ಯಾವಾಗ ನಿಲ್ಲಿಸ್ಬೇಕು ಅನ್ನೋದನ್ನ ನೋಡ್ಕೊಳೋ ಜಾಗ. ಮೊದಲ ಕೆಲವು ತಿಂಗಳು ನನಗೆ ಆ ತಡೆ ಸಡಿಲ ಆಗಿತ್ತು. ಅಮ್ಮ ಪಾಪ ಹಗಲೂ ರಾತ್ರಿ ನನ್ನ ಹತ್ರಾನೇ ಇದ್ರು, ಒಂದು ದಿನ ಅವ್ರು ಏನೋ ಹೇಳೋಕೆ ಬಂದಾಗ "ನೀನು ಜಾಸ್ತಿ ಮಾತಾಡ್ತೀಯ, ಹೋಗು" ಅಂದ್ಬಿಟ್ಟೆ. ಧ್ವನೀಲಿ ಏರಿಳಿತಾನೂ ಇರಲಿಲ್ಲ, ಮುಖದಲ್ಲಿ ಭಾವಾನೂ ಇರಲಿಲ್ಲ ಅಂತ ಇವ್ರು ಆಮೇಲೆ ಹೇಳಿದ್ರು. ಅಮ್ಮ ಎದ್ದು ಅಡುಗೆಮನೆಗೆ ಹೋದ್ರು. ಅವ್ರು ಅಲ್ಲಿ ಅತ್ತಿದ್ದು ನನಗೆ ಗೊತ್ತಾಗಿದ್ದು ಒಂದು ವರ್ಷ ಆದ್ಮೇಲೆ. ಅದು ಗಾಯದ ಮಾತು, ನನ್ನ ಮಾತಲ್ಲ ಅಂತ ಅಮ್ಮನಿಗೆ ಈಗ ಗೊತ್ತು, ಆದ್ರೂ ನನ್ನ ಎದೇಲಿ ಆ ಮುಳ್ಳು ಹಾಗೇ ಇದೆ.

ಇನ್ನು ಕೆಲಸದ ವಿಷಯ. ನಾನಿರೋದು ಸರಕು ಸಾಗಿಸೋ ಕಂಪನಿ ಆಫೀಸಲ್ಲಿ, ಯಾವ ಗಾಡಿ ಯಾವಾಗ ಎಲ್ಲಿ ಲೋಡ್ ಆಗ್ಬೇಕು, ಎಲ್ಲಿ ಇಳಿಸ್ಬೇಕು, ಡ್ರೈವರ್ ಎಲ್ಲಿದಾರೆ, ಗೋಡೌನಲ್ಲಿ ಜಾಗ ಇದೆಯಾ, ಇದನ್ನೆಲ್ಲ ನೋಡ್ಕೊಳೋದು. ಒಂಬತ್ತು ವರ್ಷ ನನ್ನ ಕೆಲಸ ಅಂದ್ರೆ ಮಾತೇ. ಒಂದು ಕಿವೀಲಿ ಫೋನು, ಇನ್ನೊಂದು ಕಡೆ ಲ್ಯಾಂಡ್‌ಲೈನು, ಕಣ್ಣು ಸ್ಕ್ರೀನ್ ಮೇಲೆ. ಎಲ್ಲಾದ್ರೂ ಗಾಡಿ ಸಿಕ್ಕಾಕೊಂಡ್ರೆ ಮಾತಲ್ಲೇ ಬಿಡಿಸ್ತಿದ್ದೆ. ನನ್ನ ಬಗ್ಗೆ ನನಗೆ ಏನಾದ್ರೂ ಹೆಮ್ಮೆ ಇದ್ದಿದ್ರೆ ಅದು ಇದರ ಬಗ್ಗೆ.

ಐದು ತಿಂಗಳಾದ್ಮೇಲೆ ವಾಪಸ್ ಹೋದೆ. ಬೇಗ ಹೋದೆ ಅಂತ ಈಗ ಅನ್ಸತ್ತೆ. ನಡೀತಿದ್ದೆ, ತಿಂತಿದ್ದೆ, ನಗ್ತಿದ್ದೆ, ಗಾಯದ ಗುರುತು ಕೂದಲೊಳಗೆ ಮುಚ್ಚಿಹೋಗಿತ್ತು, ಹಂಗಾಗಿ ಎಲ್ಲರೂ ಹಳೇ ನಾನೇ ಬಂದೆ ಅನ್ಕೊಂಡ್ರು, ನಾನೂ ಹಾಗೇ ಅನ್ಕೊಂಡೆ. ಮೊದಲನೇ ದಿನಾನೇ ಹನ್ನೊಂದು ಗಂಟೆಗೆ ಮೀಟಿಂಗ್. ಒಂದು ಗಾಡಿ ಯಾಕೆ ತಡ ಆಯ್ತು ಅಂತ ಹೇಳ್ಬೇಕಿತ್ತು, ಕಾರಣ ನನಗೆ ಪಕ್ಕಾ ಗೊತ್ತಿತ್ತು, ಗೇಟ್ ಪಾಸಲ್ಲಿ ಗಾಡಿ ನಂಬರ್ ತಪ್ಪಾಗಿತ್ತು. ಎದ್ದು ನಿಂತು "ಅವ್ರ ಹತ್ರ ಆ... ಒಳಗೆ ಬಿಡೋಕೆ ಕೊಡ್ತಾರಲ್ಲ, ಆ ಹಾಳೆ" ಅಂದೆ. "ಇನ್‌ವಾಯ್ಸಾ?" ಅಂದ್ರು ಒಬ್ರು. ಅಲ್ಲ ಅಂದೆ. "ಡ್ರೈವರ್ ಲೈಸೆನ್ಸಾ?" ಅಂದ್ರು ಇನ್ನೊಬ್ರು. ಅಲ್ಲ. "ಪರ್ಮಿಟ್ಟಾ?" ಅಷ್ಟೊತ್ತಿಗೆ ನನ್ನ ತಲೇಲಿ ಇನ್‌ವಾಯ್ಸ್ ಪರ್ಮಿಟ್ಟು ಲೈಸೆನ್ಸು ಇವೇ ಸುತ್ತೋಕೆ ಶುರುವಾಯ್ತು, ನನ್ನ ಪದ ಬರ್ತಿದ್ದಿದ್ದು ಹಿಂದೆ ಸರಿದುಹೋಯ್ತು. ಕೈ ಬೆವರ್ತು. ಕೂತ್ಬಿಟ್ಟೆ. "ಪರವಾಗಿಲ್ಲ, ಆಮೇಲೆ ನೋಡೋಣ" ಅಂತ ಮುಂದಿನ ವಿಷಯಕ್ಕೆ ಹೋದ್ರು. ತಪ್ಪು ಕಾರಣಾನೇ ಮಿನಿಟ್ಸಲ್ಲಿ ಬರೆದ್ರು.

ನೀವು ಸಹಾಯ ಮಾಡೋಕೆ ಅಂತ ಕೊಡೋ ಪದ ತಪ್ಪಾಗಿದ್ರೆ ಅದು ಬಂದು ಬಾಗಿಲಲ್ಲೇ ನಿಂತ್ಕೊಳತ್ತೆ, ನನ್ನ ಪದ ಒಳಗಿಂದ ಹೊರಗೆ ಬರೋಕೆ ಜಾಗಾನೇ ಇರಲ್ಲ. ಒಂದಲ್ಲ, ಮೂರು ಬಂದ್ರೆ ಕೇಳ್ಬೇಡಿ. ಸುಮ್ನೆ ಹತ್ತು ಸೆಕೆಂಡ್ ಬಿಟ್ಟಿದ್ರೆ ಅವತ್ತು ಗೇಟ್ ಪಾಸ್ ಅಂತ ಹೇಳಿರ್ತಿದ್ದೆ, ನನಗೆ ಅದರಲ್ಲಿ ಅನುಮಾನಾನೇ ಇಲ್ಲ. ಹತ್ತು ಸೆಕೆಂಡ್ ಮೌನ ಅಂದ್ರೆ ಜನಕ್ಕೆ ಎಷ್ಟು ಭಯ ಅಂತ ಈ ಎರಡು ವರ್ಷದಲ್ಲಿ ನೋಡ್ಬಿಟ್ಟಿದೀನಿ.

ಆ ತಿಂಗಳ ಕೊನೇಲಿ ನನ್ನ ಫೋನ್ ಕೆಲಸ ಬೇರೆಯವ್ರಿಗೆ ಕೊಟ್ರು. ನನ್ನನ್ನ ಕೇಳ್ಲಿಲ್ಲ. ನನ್ನ ಮೇಲಿನವ್ರು ಇನ್ನೊಬ್ರ ಹತ್ರ "ಪಾಪ, ಅವ್ರ ತಲೆ ಈಗ ಮೊದಲಿನ ಥರ ಓಡಲ್ಲ" ಅಂತ ಹೇಳ್ತಿದ್ದಿದ್ದು ಪಕ್ಕದ ರೂಮಲ್ಲಿದ್ದ ನನಗೆ ಕೇಳಿಸ್ತು. ಕೆಟ್ಟೋರಲ್ಲ ಅವ್ರು. ಆದ್ರೆ ಅವ್ರು ನನ್ನ ಬಾಯಿ ನೋಡಿ ತಲೆ ಅಳೆದ್ರು. ನನ್ನ ತಲೇಲಿ ಎಲ್ಲಾ ಗಾಡಿನೂ ಎಲ್ಲೆಲ್ಲಿ ಇರ್ಬೇಕೋ ಅಲ್ಲಲ್ಲೇ ಇತ್ತು. ಆ ದಿನ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡು ನಿಂತ್ಕೊಂಡಿದ್ದೆ, ಅಳು ಬರ್ಲಿಲ್ಲ, ಗೇಟ್ ಪಾಸ್, ಗೇಟ್ ಪಾಸ್, ಗೇಟ್ ಪಾಸ್ ಅಂತ ಹೇಳ್ಕೊಂಡೆ.

ಸ್ಪೀಚ್ ಥೆರಪಿ ಅಂದ್ರೆ ಮಕ್ಕಳಿಗೆ ಮಾತು ಕಲಿಸೋದು ಅಂತಾನೇ ತಿಳ್ಕೊಂಡಿದ್ದೆ. ನ್ಯೂರಾಲಜಿಸ್ಟ್ ಚೀಟಿ ಬರೆದುಕೊಟ್ಟಿದ್ರೂ ಅಲ್ಲೀವರೆಗೆ ಹೋಗಿರಲಿಲ್ಲ, ಇದಾದ್ಮೇಲೆ ಹೋದೆ. ಮೇಡಂ ಮೊದಲನೇ ದಿನ ಒಂದು ಚಿತ್ರ ಕೊಟ್ರು, ಬೀಗದ ಚಿತ್ರ, ಹೆಸರು ಹೇಳಿ ಅಂದ್ರು, ಬರ್ಲಿಲ್ಲ. "ಹೆಸರು ಬಿಡಿ" ಅಂದ್ರು. "ಇದು ಎಲ್ಲಿರತ್ತೆ? ಇದರಿಂದ ಏನು ಮಾಡ್ತೀರಿ? ಜೊತೇಲಿ ಏನು ಬೇಕು? ಮುಟ್ಟಿದ್ರೆ ಹೇಗಿರತ್ತೆ? ನೋಡಿದ್ರೆ ಏನು ನೆನಪಾಗತ್ತೆ?" ಬಾಗಿಲಲ್ಲಿರತ್ತೆ, ಕಳ್ಳರು ಬರ್ದೇ ಇರ್ಲಿ ಅಂತ ಹಾಕ್ತೀವಿ, ಕೀ ಬೇಕು, ತಣ್ಣಗಿರತ್ತೆ, ಭಾರ ಇರತ್ತೆ. ಹೇಳ್ತಾ ಹೇಳ್ತಾ "ಬೀಗ" ಅಂತ ತಾನಾಗೇ ಬಂತು. ಪದಗಳು ಮಿದುಳಲ್ಲಿ ಒಂದೊಂದೇ ಕೂತಿರಲ್ಲ, ಒಂದಕ್ಕೊಂದು ಹೆಣ್ಕೊಂಡಿರತ್ತೆ, ನೇರ ದಾರಿ ಹಾಳಾದ್ರೆ ಸುತ್ತಿನ ದಾರೀಲಿ ಹೋಗಿ ಅದೇ ಜಾಗ ಮುಟ್ಟಬಹುದು, ಹೋಗ್ತಾ ಹೋಗ್ತಾ ಆ ಸುತ್ತಿನ ದಾರಿ ಗಟ್ಟಿ ಆಗತ್ತೆ ಅಂತ ಹೇಳಿದ್ರು. ವಾರಕ್ಕೆ ಎರಡು ಸಲ, ಎಂಟು ತಿಂಗಳು ಹೋದೆ. ಇನ್ನೊಂದು ಲಾಭ, ಹೆಸರು ಬರದೇ ಇದ್ರೂ ಸುತ್ತು ಹಾಕಿ ಹೇಳಿದ್ರೆ ಎದುರಿಗಿರೋವ್ರಿಗೆ ವಿಷಯ ಮುಟ್ಟತ್ತೆ, ಅಂದ್ರೆ ಮಾತು ಪೂರ್ತಿ ನಿಲ್ಲಲ್ಲ.

ಅವ್ರೇ ನನಗೆ ಒಂದು ವಾಕ್ಯ ಕಲಿಸಿದ್ದು. "ಸ್ವಲ್ಪ ಇರಿ, ಬರ್ತಿದೆ." ಇದನ್ನ ದಿನಕ್ಕೆ ಇಪ್ಪತ್ತು ಸಲ ಹೇಳಿ ಪ್ರಾಕ್ಟೀಸ್ ಮಾಡಿಸಿದ್ರು, ಪದ ಸಿಗದೇ ಇದ್ದಾಗ ಯೋಚ್ನೆ ಮಾಡದೇ ಬಾಯಿಗೆ ಬರೋ ಹಾಗೆ. ದಿನಾ ಹೇಳಿ ಹೇಳಿ ರೂಢಿ ಆದ ಮಾತುಗಳು, ಎಣಿಕೆ, ವಾರದ ಹೆಸರು ಸಾಲಾಗಿ, ಇವೆಲ್ಲ ಹೊಸದಾಗಿ ಕಟ್ಟಿ ಆಡೋ ಮಾತಿಗಿಂತ ಗಟ್ಟಿ ಉಳ್ಕೊಂಡಿರತ್ತಂತೆ. ನಿಜ, ಸೋಮವಾರ ಅನ್ನೋದು ಬರದೇ ಇದ್ದಾಗ ನಾನು ಒಳಗೊಳಗೇ ಭಾನುವಾರದಿಂದ ಶುರು ಮಾಡ್ತೀನಿ, ಬರತ್ತೆ.

ಆಮೇಲೆ ಆಫೀಸಲ್ಲಿ ಮಾತಾಡಿದೆ. ಮಾತಾಡಿದೆ ಅಂದ್ರೆ ಬರೆದೆ, ಎರಡು ಪುಟದ ಮೇಲ್, ಮೇಡಂ ಸಹಾಯ ಮಾಡಿದ್ರು. ನನಗೆ ಏನಾಗಿದೆ, ಏನು ಬರತ್ತೆ, ಏನು ಕಷ್ಟ, ಏನು ಮಾಡಿಕೊಟ್ರೆ ಕೆಲಸ ಮಾಡ್ತೀನಿ. 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದದಲ್ಲಿ ಇದು ಸ್ಪಷ್ಟವಾಗಿದೆ, ಕೆಲಸದ ಜಾಗದಲ್ಲಿ ಆ ವ್ಯಕ್ತಿಗೆ ಬೇಕಾದ ಹೊಂದಾಣಿಕೆ ಮಾಡಿಕೊಡ್ಬೇಕು, ಸಂಸ್ಥೆಗೆ ಹೊರಲಾರದ ಹೊರೆ ಆಗದೇ ಇದ್ರೆ ಅದನ್ನ ನಿರಾಕರಿಸೋದೂ ತಾರತಮ್ಯಾನೇ ಅಂತ. ಇದನ್ನ ಓದೋವರೆಗೂ ನಾನು ಕೇಳ್ತಿರೋದು ಭಿಕ್ಷೆ ಅನ್ನೋ ಹಾಗೆ ಕೇಳ್ತಿದ್ದೆ. ಓದಿದ ಮೇಲೆ ಮೇಲಲ್ಲಿ "ದಯವಿಟ್ಟು" ಅನ್ನೋದು ಏಳು ಕಡೆ ಇದ್ದಿದ್ದನ್ನ ಎರಡಕ್ಕೆ ಇಳಿಸಿದೆ.

ಕೇಳಿದ್ದು ದೊಡ್ಡದೇನಲ್ಲ. ಮೀಟಿಂಗಿಗೆ ಒಂದು ದಿನ ಮುಂಚೆ ವಿಷಯ ಬರೆದು ಕಳ್ಸಿ, ನಾನು ಹೇಳ್ಬೇಕಾದ್ದನ್ನ ಚೀಟೀಲಿ ಬರ್ಕೊಂಡು ಬರ್ತೀನಿ. ಕೆಲಸ ಹೇಳೋವಾಗ ಬಾಯಲ್ಲಿ ಹೇಳಿದ್ದನ್ನೇ ಮೆಸೇಜಲ್ಲೂ ಹಾಕಿ. ಬೆಳಿಗ್ಗೆ ಎರಡು ಗಂಟೆ ಫೋನ್ ಇಲ್ಲದ ಹೊತ್ತು ಕೊಡಿ. ಮಧ್ಯಾಹ್ನ ಇಪ್ಪತ್ತು ನಿಮಿಷ ಕತ್ತಲೆ ರೂಮಲ್ಲಿ ಕಣ್ಣು ಮುಚ್ಚೋಕೆ ಬಿಡಿ. ಕೊನೇದಕ್ಕೆ ಹುಬ್ಬೇರಿಸಿದ್ರು. ಆದ್ರೆ ಅದೇ ಎಲ್ಲಕ್ಕಿಂತ ಮುಖ್ಯ. ಮಿದುಳು ಮೈ ತೂಕದಲ್ಲಿ ಶೇಕಡ 2ರಷ್ಟು ಮಾತ್ರ, ಆದ್ರೆ ಸುಮ್ನೆ ಕೂತಿದ್ರೂ ಮೈಗೆ ಬೇಕಾದ ಶಕ್ತೀಲಿ ಸುಮಾರು ಶೇಕಡ 20 ಅದಕ್ಕೇ ಬೇಕು. ಗಾಯ ಆದ ಮಿದುಳಿಗೆ ಅದೇ ಕೆಲಸ ಮಾಡೋಕೆ ಇನ್ನೂ ಜಾಸ್ತಿ ಕಷ್ಟ. ಮೂರು ಗಂಟೆ ಹೊತ್ತಿಗೆ ನನಗೆ ಬರೋದು ನಿದ್ದೆ ಅಲ್ಲ, ಲೈಟ್ ಡಿಮ್ ಆದ ಹಾಗೆ ಆಗತ್ತೆ, ಆಗ ಒಂದು ಪದಕ್ಕೆ ಹುಡುಕ್ತಿದ್ದಿದ್ದು ನಾಲ್ಕು ಪದಕ್ಕೆ ಹುಡುಕ್ಬೇಕಾಗತ್ತೆ. ಸೋಮಾರಿ ಅಂತ ಅಂದ್ಕೊಳೋವ್ರು ಈ ಹೊತ್ತಲ್ಲೇ ನನ್ನನ್ನ ನೋಡಿರ್ತಾರೆ. ಮನೇಲೂ ಹಾಗೇ, ಗಂಡನ ಜೊತೆ ಜಗಳ ಆಗಿದ್ದೆಲ್ಲ ಸಂಜೆ ಏಳರ ಮೇಲೆ. ಈಗ ಮನೇಲಿ ಒಂದು ಒಪ್ಪಂದ ಇದೆ, ಮುಖ್ಯ ವಿಷಯ ಏನಿದ್ರೂ ಬೆಳಿಗ್ಗೇನೇ.

ಕೇಳಿದ್ದರಲ್ಲಿ ಮೂರು ಕೊಟ್ರು, ಬೆಳಗಿನ ಫೋನ್ ವಿಷಯ ಇನ್ನೂ ಹಾಗೂ ಹೀಗೂ ನಡೀತಿದೆ. ನನ್ನ ಹಳೇ ಕುರ್ಚಿ ವಾಪಸ್ ಬರ್ಲಿಲ್ಲ, ಬರಲ್ಲ ಅಂತ ಒಪ್ಕೊಳೋಕೆ ಹೊಟ್ಟೇಲಿ ಸಂಕಟ ಆಯ್ತು, ಈಗ್ಲೂ ಆ ಫೋನ್ ರಿಂಗ್ ಆದಾಗ ಕೈ ಅದರ ಕಡೆ ಹೋಗತ್ತೆ. ಈಗ ನಾನು ವಾರದ ರೂಟ್ ಪ್ಲಾನ್ ಮಾಡ್ತೀನಿ, ಸ್ಕ್ರೀನ್ ಮೇಲೆ, ಒಬ್ಳೇ. ಗಾಡಿ ಖಾಲಿ ಓಡೋದು ಕಮ್ಮಿ ಆಗಿದೆ ಅಂತ ಲೆಕ್ಕ ನೋಡೋವ್ರು ಹೇಳಿದ್ರು. ತಲೆ ಓಡಲ್ಲ ಅಂದಿದ್ದ ಅದೇ ಮೇಲಿನವ್ರು ಆ ರಿಪೋರ್ಟಿಗೆ ಸೈನ್ ಹಾಕಿದಾರೆ.

ಹೊಸಬರಿಗೆ ಹೇಳ್ಬೇಕಾ ಬೇಡ್ವಾ ಅನ್ನೋದು ಪ್ರತಿ ಸಲದ ಪ್ರಶ್ನೆ. ಹೇಳಿದ್ರೆ ಕೆಲವ್ರು ಮಗು ಹತ್ರ ಮಾತಾಡೋ ಹಾಗೆ ಜೋರಾಗಿ, ಬಿಡಿಸಿ ಬಿಡಿಸಿ ಮಾತಾಡೋಕೆ ಶುರು ಮಾಡ್ತಾರೆ, ಕಿವಿ ನನಗೆ ಚೆನ್ನಾಗೇ ಕೇಳತ್ತೆ. ಹೇಳದೇ ಇದ್ರೆ ದಡ್ಡಿ ಅಂತಾನೋ ಕುಡಿದಿದಾಳೆ ಅಂತಾನೋ ಅನ್ಕೊಳ್ತಾರೆ. ಈಗ ಒಂದೇ ಉಸಿರಿಗೆ ಹೇಳ್ಬಿಡ್ತೀನಿ, "ತಲೆಗೆ ಪೆಟ್ಟಾಗಿತ್ತು, ಪದ ಸಿಗೋಕೆ ಸ್ವಲ್ಪ ಹೊತ್ತು ಬೇಕು, ಅರ್ಥ ಎಲ್ಲಾ ಆಗತ್ತೆ." ಇಷ್ಟು ಸಾಕು. ನೀವು ಇಂಥವ್ರ ಜೊತೆ ಇದ್ರೆ, ಮನೇಲೋ ಆಫೀಸಲ್ಲೋ, ಪದ ಹೇಳಿಕೊಡ್ಲಾ ಅಂತ ಮೊದಲು ಕೇಳಿ, ಹ್ಞೂಂ ಅಂದ್ರೆ ಮಾತ್ರ ಕೊಡಿ. ಅರ್ಥ ಆಗದೇ ಇದ್ರೆ ಅರ್ಥ ಆದ ಹಾಗೆ ತಲೆ ಆಡಿಸ್ಬೇಡಿ, ಅದು ನಮಗೆ ಗೊತ್ತಾಗತ್ತೆ, ತುಂಬಾ ನೋವಾಗತ್ತೆ.

ಹೋದ ತಿಂಗಳು ಫೋನ್ ನೋಡ್ಕೊಳೋವ್ರು ರಜ ಹಾಕಿದ್ರು. ಮಧ್ಯಾಹ್ನ ಫೋನ್ ಬಡ್ಕೊಳ್ತಾನೇ ಇತ್ತು, ಯಾರೂ ಎತ್ತಲಿಲ್ಲ, ನಾನೇ ಎತ್ತಿದೆ. ಹಳೇ ಡ್ರೈವರ್ರು, ಎಷ್ಟೋ ವರ್ಷದ ಪರಿಚಯ, ಧ್ವನಿ ಕೇಳಿ "ಮೇಡಂ, ನೀವಾ!" ಅಂದ್ರು. ಗೇಟಲ್ಲಿ ಒಳಗೆ ಬಿಡ್ತಿಲ್ಲ ಅಂದ್ರು. ಏನು ತೋರಿಸ್ಬೇಕು ಅಂತ ನನಗೆ ಗೊತ್ತು, ಅದೇ ಹಾಳೆ, ಮತ್ತೆ ಅದೇ ಪದ. ಎದೆ ಡವಡವ ಅಂತು. "ಸ್ವಲ್ಪ ಇರಿ, ಬರ್ತಿದೆ" ಅಂದೆ. ಅವ್ರಿಗೆ ನನ್ನ ವಿಷಯ ಯಾರಾದ್ರೂ ಹೇಳಿದ್ರೋ ಇಲ್ವೋ ಗೊತ್ತಿಲ್ಲ. "ನಿಧಾನಕ್ಕೆ ಹೇಳಿ ಮೇಡಂ, ಗಾಡಿ ಸೈಡಿಗೆ ಹಾಕ್ತೀನಿ" ಅಂದ್ರು. ಇಂಜಿನ್ ಆಫ್ ಆಗಿದ್ದು ಕೇಳಿಸ್ತು. ಆಮೇಲೆ ಏನೂ ಸದ್ದಿಲ್ಲ, ಅವ್ರ ಉಸಿರು ಮಾತ್ರ, ದೂರದಲ್ಲಿ ಎಲ್ಲೋ ಹಾರ್ನ್. ಒಳಗೆ ಬಿಡೋಕೆ, ಕಾವಲಿನವ್ರು ನೋಡೋದು, ಹಳದಿ ಬಣ್ಣ, ಮೇಲೆ ಗಾಡಿ ನಂಬರ್...

"ಗೇಟ್ ಪಾಸ್" ಅಂದೆ. "ಡ್ಯಾಶ್‌ಬೋರ್ಡ್ ಒಳಗಿದೆ ನೋಡಿ, ಹಳದಿ."

"ಸಿಕ್ತು ಮೇಡಂ" ಅಂದ್ರು.